ಬಂಡೋಪಂತ ಮತ್ತು ಬೆಲ್ಲದ ಡಬ್ಬಿ

ಮಿರಜದಲ್ಲಿ ಗುಲಾಬಿ ಬೆಳೆಸಬೇಕೆಂದು ಆಸೆಪಟ್ಟವರೆಲ್ಲ ಒಂದಲ್ಲ ಒಂದು ದಿನ ನಮ್ಮ ಪಕ್ಕದ ಮನೆಯ ಗೇಟಿನ ಮುಂದೆ ಬಂದು ನಿಲ್ಲುತ್ತಿದ್ದರು. ಎಲೆ ಹಳದಿಯಾಗಿದೆ, ಮೊಗ್ಗು ಉದುರುತ್ತಿದೆ, ಬುಡಕ್ಕೆ ಏನು ಹಾಕಲಿ ಎಂಬುದು ಅವರ ಪ್ರಶ್ನೆ. ಪಕ್ಕದ ಮನೆಯ ಕಾಕಾ ಕೈಯ ಮಣ್ಣು ಕೊಡವಿಕೊಂಡು, ಗಿಡದ ಮಾತನ್ನೇ ಎತ್ತದೆ, "ಮನ್ಯಾಗ ನಾಯಿ ಐತೇನ್ರಿ?" ಎಂದು ಕೇಳುತ್ತಿದ್ದರು.

ಇಲ್ಲ ಎಂದರೆ "ಬೆಕ್ಕ?" ಅದೂ ಇಲ್ಲವೆಂದರೆ "ಆಜೂಬಾಜೂ ಮನ್ಯಾಗ?" ಇಷ್ಟೆಲ್ಲ ತಪಾಸಣೆ ಮುಗಿದ ಮೇಲೆಯೇ ಗುಲಾಬಿಯ ಮಾತು. ಹೊಸಬರು ಈ ಮನುಷ್ಯನಿಗೆ ನಾಯಿಯೆಂದರೆ ಹೆದರಿಕೆ ಎಂದುಕೊಳ್ಳುತ್ತಿದ್ದರು. ಬುಧಗಾಂವದಿಂದ ಮೋಟರ್ ಸೈಕಲ್ಲಿನ ಮೇಲೆ ಬಂದಿದ್ದ ಒಬ್ಬ ಪಾಪದವನು, "ನಾಯಿ ಕಟ್ಟಿ ಹಾಕ್ತೇನ್ರಿ ಕಾಕಾ, ನೀವು ಚಿಂತಿ ಇಲ್ದಂಗ ಬರ್ರಿ" ಎಂದು ಧೈರ್ಯ ತುಂಬಿದ. ಕಾಕಾ ಅವನನ್ನು ಮೇಲಿಂದ ಕೆಳಗೆ ನೋಡಿ, "ನಾ ಬರೂದ ಬಿಡೋ ಮಾರಾಯಾ. ನಿನ್ನ ನಾಯಿ ಎಲ್ಲೆಲ್ಲಿ ಬಾಯಿ ಹಾಕತೈತಿ, ಅದನ್ನ ಹೇಳ" ಅಂದರು.

ಅವರ ತಮ್ಮನ ಮಗಳನ್ನು ನೋಡಲು ಸಮಡೋಳಿಯಿಂದ ಗಂಡಿನವರು ಬಂದಾಗಲೂ ಇದೇ ಕತೆ. ಹುಡುಗನ ತಂದೆ ತಮ್ಮ ಕಬ್ಬು, ಅರಿಷಿಣ, ಹೊಸ ಮನೆ, ಮನೆಯ ಮುಂದಿನ ಹೂದೋಟ ಎಲ್ಲವನ್ನೂ ವರ್ಣಿಸಿ ಉಪ್ಪಿಟ್ಟಿಗೆ ಕೈಹಾಕಿದರು. ಹಿರಿಯರಾದ ಕಾಕಾ ಈಗ ಹುಡುಗನ ನೌಕರಿಯ ಬಗ್ಗೆ ಕೇಳಬೇಕು ಎಂದು ಮನೆಯವರೆಲ್ಲ ಅವರ ಮುಖ ನೋಡಿದರು. ಕಾಕಾ ಕೇಳಿದ್ದು ನಾಯಿಯ ಬಗ್ಗೆ. ಎರಡು ಇವೆ ಎಂದು ತಿಳಿದ ಮೇಲೆ, "ಬಸವನಹುಳಕ್ಕ ಏನ ಔಷಧ ಇಡ್ತೀರಿ?" ಎಂದು ಮುಂದುವರಿಸಿದರು. ಹೆಣ್ಣಿನ ತಾಯಿ ಒಳಗೆ ಹಣೆ ಹಣೆ ಬಡಿದುಕೊಂಡಳು. ಆದರೂ ಮದುವೆ ಆಯಿತು, ಆ ನಾಯಿಗಳೂ ಚೆನ್ನಾಗಿವೆ.

ಈ ಸಂಕ್ರಾಂತಿ ಮುಗಿದ ಸ್ವಲ್ಪ ದಿನಕ್ಕೆ ಕಾಕಾ ತೀರಿಕೊಂಡರು. ಅವರು ಈ ಪ್ರಶ್ನೆಯನ್ನು ಯಾಕೆ ಕೇಳುತ್ತಿದ್ದರೆಂದು ಸರಿಯಾಗಿ ಗೊತ್ತಿದ್ದವರು ನಾನು, ಕಾಕಾನ ಹೆಂಡತಿ ಕಾಕೂ, ಒಬ್ಬ ದನದ ಡಾಕ್ಟರು. ನಾಲ್ಕನೆಯವನಿಗೂ ಗೊತ್ತು, ಅವನಿಗೆ ಮಾತು ಬರುವುದಿಲ್ಲ. ಬರೆಯಲೇ ಎಂದು ಕಾಕೂನನ್ನು ಕೇಳಿದೆ. "ಬರಿ, ಹೆಸರ ಮಾತ್ರ ಹಾಕಬ್ಯಾಡ" ಎಂದರು. ಹಾಕುವುದಿಲ್ಲ.

ಕಾಕಾ ಸಾಂಗಲಿ ಪೇಟೆಯ ಬೆಲ್ಲ-ಅರಿಷಿಣದ ವ್ಯಾಪಾರಿ. ವಯಸ್ಸಾದ ಮೇಲೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಮಿರಜದ ಮನೆಯಲ್ಲಿ ಗುಲಾಬಿಗೆ ಕೂತರು. ಪೇಟೆ ಬಿಟ್ಟರೂ ಪೇಟೆಯ ಚಟ ಬಿಡಲಿಲ್ಲ. ಬೆಲ್ಲದ ವ್ಯಾಪಾರಿ ಕಣ್ಣನ್ನು ನಂಬುವುದಿಲ್ಲ, ಚೂರು ಮುರಿದು ಬಾಯಿಗೆ ಹಾಕಿಕೊಂಡ ಮೇಲೆಯೇ ದರ ಮಾತಾಡುತ್ತಾನೆ. ಕಾಕಾ ಬೇವಿನ ಹಿಂಡಿಯನ್ನೂ ಹಾಗೇ ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ಶೇಂಗಾ ಹಿಂಡಿಯನ್ನಂತೂ ಚಹದ ಜೊತೆ ತಿನ್ನುವವರ ಹಾಗೆ ಜಗಿಯುತ್ತಿದ್ದರು. ಒಮ್ಮೆ ಗಿಡದ ಬುಡದ ಮಣ್ಣನ್ನೇ ಚಿಟಿಕೆ ಬಾಯಿಗೆ ಹಾಕಿಕೊಂಡದ್ದನ್ನು ಕಂಡು ನಾನು ಕಿರುಚಿದೆ. "ಉಪ್ಪ ಏರೇತಿ" ಎಂದು ಅವರು ಉಗುಳಿ ಬಾಯಿ ತೊಳೆದುಕೊಂಡರು. ತಾವು ಬಾಯಿಗೆ ಹಾಕಿಕೊಂಡು ಅರಗಿಸಿಕೊಂಡದ್ದು ಯಾರಿಗೂ ಏನೂ ಮಾಡುವುದಿಲ್ಲ ಎಂಬುದು ಅವರ ಪಕ್ಕಾ ನಂಬಿಕೆ.

ಗುಲಾಬಿಗಳಿಗೆ ಕ್ಯಾಟಲಾಗಿನಲ್ಲಿ ಎಂಥೆಂಥ ವಿಲಾಯತಿ ಹೆಸರುಗಳಿರುತ್ತವೆ. ಕಾಕಾ ಅವನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಹಳದಿ ಹೂವಿಗೆ ಸೇಲಂ, ಕೇಸರಿ ಬಣ್ಣದ್ದಕ್ಕೆ ರಾಜಾಪುರಿ, ಎರಡೂ ಅರಿಷಿಣದ ಜಾತಿಗಳು. ದಟ್ಟ ಕೆಂಪಿನ ಹೂವಿಗೆ ಕರಿಬೆಲ್ಲ. ಸಾಂಗಲಿಯ ಗುಲಾಬಿ ಪ್ರದರ್ಶನದಲ್ಲಿ ಈ ಕರಿಬೆಲ್ಲಕ್ಕೆ ಸತತ ಎರಡು ವರ್ಷ ಮೊದಲ ಬಹುಮಾನ ಬಂತು. ಹೂವು ಊಟದ ಬಟ್ಟಲಿನಷ್ಟು ಅಗಲ ಇತ್ತು. ಬಹುಮಾನಕ್ಕೆ ಕೊಟ್ಟ ಢಾಲಿನ ಫಲಕವನ್ನು ಕಾಕಾ ಟೀವಿಯ ಮೇಲಿನ ಗೋಡೆಗೆ ಮೊಳೆ ಹೊಡೆದು ಹಾಕಿದರು, ಬಂದವರೆಲ್ಲ ಟೀವಿ ನೋಡುವ ನೆಪದಲ್ಲಿ ಅದನ್ನು ನೋಡಲಿ ಎಂದು.

ಆದರೆ ಕಾಕಾ ಹೂ ಬೆಳೆಸುತ್ತಿದ್ದದ್ದು ಢಾಲಿಗೆ ಅಲ್ಲ, ಕಾಕೂಗೆ. ಕಾಕೂ ದಿನಾ ಬೆಳಿಗ್ಗೆ ಮಿಂದು, ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆಗೆ ಕೂರುವವರು. ಬೆಳ್ಳುಳ್ಳಿ ಸಹ ಅವರ ಅಡಿಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ, ಅಂಥ ಮಡಿ. ಅವರು ಪೂಜೆಗೆ ಕೂರುವ ಹೊತ್ತಿಗೆ ಕಾಕಾ ಆ ದಿನದ ಅತ್ಯಂತ ಚೆಂದದ ಹೂವನ್ನು ಬುಟ್ಟಿಯಲ್ಲಿ ತಂದು ದೇವರ ಕೋಣೆಯ ಬಾಗಿಲಲ್ಲಿ ಇಡುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಕಾಕೂ ಅದನ್ನು ಎತ್ತಿ ಒಮ್ಮೆ ತಿರುಗಿಸಿ ನೋಡಿ ಲಿಂಗಕ್ಕೆ ಏರಿಸುತ್ತಿದ್ದರು. ಆ ತಿರುಗಿಸಿ ನೋಡುವುದನ್ನು ಕಾಣಲು ಕಾಕಾ ಅಲ್ಲೇ ಕಂಬದ ಹಿಂದೆ ಏನೋ ಹುಡುಕುತ್ತ ನಿಂತಿರುತ್ತಿದ್ದರು. ಆ ಕಂಬದ ಹಿಂದೆ ಹುಡುಕುವಂಥದು ಏನೂ ಇರಲಿಲ್ಲ.

ನಮ್ಮ ನಾಯಿಯ ಹೆಸರು ಬಂಡ್ಯಾ. ಹೆಸರಿಗೆ ತಕ್ಕ ಬಂಡುಕೋರ, ನಮ್ಮ ಕಂಪೌಂಡು ಅವನಿಗೆ ಆಟದ ಸಾಮಾನು. ಕಾಕಾ ಮಾತ್ರ ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. "ಬರ್ರಿ ಬಂಡೋಪಂತ್, ಕುಂದ್ರಿ. ನಾಷ್ಟಾ ಆತೇನ್ರಿ?" ಬಂಡೋಪಂತರು ಗೋಡೆ ಹಾರಿ ಬಂದು ಕಾಕಾನ ಪಕ್ಕದಲ್ಲಿ ಕುಳಿತು ಕಾಕೂ ಕೊಡುವ ಜೋಳದ ಭಾಕರಿಗೆ ಕಾಯುತ್ತಿದ್ದರು. ಮಡಿ ಹೆಂಗಸಾದ ಕಾಕೂ ಅವನನ್ನು ಮುಟ್ಟುತ್ತಿರಲಿಲ್ಲ, ಆದರೆ ಭಾಕರಿಗೆ ತುಪ್ಪ ಸವರದೆ ಕೊಡುತ್ತಲೂ ಇರಲಿಲ್ಲ. ಹೀಗಾಗಿ ಅವನು ನಮ್ಮ ಮನೆಯಲ್ಲಿ ಮಲಗಲು ಮಾತ್ರ ಬರುತ್ತಿದ್ದ.

ಒಂದು ಬೆಳಿಗ್ಗೆ ಬಂಡ್ಯಾ ವಾಂತಿ ಮಾಡಿದ. ಹಾಳುಮೂಳು ತಿಂದಿರಬೇಕು, ಸರಿಹೋಗುತ್ತದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ರಕ್ತಭೇದಿ ಶುರುವಾಯಿತು. ಎದ್ದು ನಿಂತರೆ ಹಿಂಗಾಲು ಕುಸಿಯುತ್ತಿತ್ತು. ನಾನು ಆಸ್ಪತ್ರೆಯೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಅಥಣಿ, ರಾಯಬಾಗದ ಕಡೆಯಿಂದ ಬಂದವರ ಕನ್ನಡವನ್ನು ಡಾಕ್ಟರಿಗೆ ಮರಾಠಿಯಲ್ಲಿ ಹೇಳುವುದು ನನ್ನ ದಿನದ ಕೆಲಸ. ಎಷ್ಟು ಮಂದಿಗೆ ಧೈರ್ಯ ಹೇಳಿದ್ದೇನೋ. ಅವತ್ತು ನನಗೇ ಧೈರ್ಯ ಸಾಲಲಿಲ್ಲ. ರಜೆ ಹಾಕಿ ರಿಕ್ಷಾ ಕರೆಸಿದೆ. ನೋಡಿದರೆ ಕಾಕಾ ಮುಂಚೆಯೇ ಚಪ್ಪಲಿ ಮೆಟ್ಟಿ ನಿಂತಿದ್ದರು. ಕಾಕೂ ಒಳಗಿನಿಂದ ತಮ್ಮ ಹಳೆಯ ಇಳಕಲ್ಲ ಸೀರೆ ತಂದು, ಬಂಡ್ಯಾನನ್ನು ಅದರಲ್ಲಿ ಸುತ್ತಿ ತೊಡೆಯ ಮೇಲೆ ಹಾಕಿಕೊಂಡು ಕುಳಿತರು. ಮಡಿ ಗಿಡಿ ಎಲ್ಲ ಮನೆಯಲ್ಲೇ ಉಳಿಯಿತು. ದಾರಿಯುದ್ದಕ್ಕೂ ಕಾಕಾ ಒಂದು ಮಾತೂ ಆಡಲಿಲ್ಲ. ರಿಕ್ಷಾದವನ ಜೊತೆಗೂ ಹವಾ, ಬೆಲ್ಲದ ದರ ಮಾತಾಡುವ ಮನುಷ್ಯ. ದುಃಖ ಇರಬೇಕು ಎಂದುಕೊಂಡೆ.

ದನದ ಡಾಕ್ಟರು ಮರಾಠಿಯವರು, ಮಾತಿಗಿಂತ ಕೈ ಚುರುಕು. ಹೊಟ್ಟೆ ಒತ್ತಿ, ಒಸಡು ನೋಡಿ, "ಕಾಯ್ ಖಾಲ್ಲಂ ಯಾನೇ?" ಎಂದರು. ಏನು ತಿಂದಿದ್ದಾನೆ? ನಮ್ಮ ಮನೆಯ ಅನ್ನ-ಹಾಲು, ಕಾಕೂನ ಭಾಕರಿ ಎಂದೆ. ಇಲಿ ಪಾಷಾಣ ಇಟ್ಟಿದ್ದೀರಾ? ಇಲ್ಲ. ತೋಟಕ್ಕೆ ಔಷಧ ಹೊಡೆದಿದ್ದೀರಾ? ಕಾಕೂ ಗಂಡನ ಪರವಾಗಿ ಹೆಮ್ಮೆಯಿಂದ, "ನಮ್ಮ ತೋಟದಾಗ ಔಷಧ ಅನ್ನೂದ ಇಲ್ರಿ, ಎಲ್ಲಾ ಸಗಣಿ-ಹಿಂಡಿ" ಅಂದರು. ಹಾಗಾದರೆ ಇದು ಕರುಳಿನ ಸೋಂಕು ಇರಬಹುದು, ಇಂಜೆಕ್ಷನ್ ಕೊಟ್ಟು ಗುಳಿಗೆ ಬರೆದುಕೊಡುತ್ತೇನೆ, ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. "ವಿಷ ಆಗಿದ್ದರೆ ಬೇರೆ ಮಾತು. ಇಲ್ಲೇ ಇಟ್ಟುಕೊಂಡು ಸಲಾಯಿನ್ ಹಚ್ಚಬೇಕು, ತಡ ಮಾಡಿದರೆ ಉಳಿಯುವುದಿಲ್ಲ. ಆದರೆ ಅವನು ಅಂಥದ್ದೇನೂ ತಿಂದಿಲ್ಲ ಅಂತೀರಿ." ಅವರು ಚೀಟಿ ಬರೆಯತೊಡಗಿದರು.

ಆಗ ಕಾಕಾ ಮುಂದೆ ಬಂದು, ಸ್ವಲ್ಪ ಹೊರಗೆ ಬರುತ್ತೀರಾ ಎಂದು ಮರಾಠಿಯಲ್ಲಿ ಪಿಸುಗುಟ್ಟಿದರು. ಡಾಕ್ಟರು ತಲೆ ಎತ್ತದೆ, "ಇಥೇಚ್ ಬೋಲಾ" ಎಂದರು. ಇಲ್ಲೇ ಹೇಳಿ. ಕಾಕಾ ಒಮ್ಮೆ ಕಾಕೂನನ್ನು ನೋಡಿದರು, ಒಮ್ಮೆ ಮೇಜಿನ ಮೇಲಿದ್ದ ಬಂಡ್ಯಾನನ್ನು. ಬಂಡ್ಯಾ ಅವರ ದನಿ ಕೇಳಿ ಬಾಲದ ತುದಿಯನ್ನು ಅಲುಗಿಸಿದ. ಕಾಕಾ ಡಾಕ್ಟರನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

"ಗುಲಾಬಿಗಿ ನಾ ಎಲುಬಿನ ಪುಡಿ ಹಾಕೇನಿ. ಎರಡ ವರ್ಷ ಆತು. ಹಿತ್ತಲದಾಗ ಬೆಲ್ಲದ ಡಬ್ಬಿ ಐತೆಲ್ಲ, ಅದರಾಗ ಬೆಲ್ಲ ಇಲ್ಲ. ಅದ ಐತಿ. ಮೊನ್ನಿ ಗಿಡಕ್ಕ ಮ್ಯಾಲಮ್ಯಾಲ ಹಾಕಿದೆ. ನಿನ್ನಿ ಮುಂಜಾನಿ ಬಂಡೋಪಂತ್ ಬುಡ ಕೆದರಿ ತಿಂದಿದ್ರು. ನಾನಽ ಮಣ್ಣ ಸಮ ಮಾಡಿದೆ, ನಿನಗ ಕಾಣಬಾರ್ದಂತ."

ನಮ್ಮಂಥ ಮನೆಗಳಲ್ಲಿ ಈ ಮಾತಿನ ತೂಕ ಎಷ್ಟೆಂದು ಡಾಕ್ಟರಿಗೆ ಗೊತ್ತಾಗುವುದು ಹೇಗೆ? ಯಾವ ಪ್ರಾಣಿಯದೋ ಎಲುಬಿನ ಮೇಲೆ ಬೆಳೆದ ಹೂವನ್ನು ಕಾಕೂ ಎರಡು ವರ್ಷ ದಿನಾ ಲಿಂಗಕ್ಕೆ ಏರಿಸಿದ್ದರು. ನರ್ಸರಿಯವನೊಬ್ಬ ಆ ಪುಡಿ ಬೆರೆಸಿದ ಗುಲಾಬಿ ಖತವನ್ನು, ಅಂದರೆ ಗೊಬ್ಬರವನ್ನು, ಕೊಟ್ಟು, ಹೂವು ಬಟ್ಟಲಿನಷ್ಟಾಗುತ್ತದೆ ಅಂದಿದ್ದನಂತೆ. ಅದೊಂದನ್ನು ಮಾತ್ರ ಕಾಕಾ ನಾಲಿಗೆಗೆ ಹಚ್ಚಿರಲಿಲ್ಲ. ಎಲುಬು, ಹೇಗೆ ಹಚ್ಚುತ್ತಾರೆ?

ನಾನು ನನ್ನ ಕೆಲಸ ಮಾಡಿದೆ. ಎಲುಬಿನ ಪುಡಿ ಎಂಬುದನ್ನು ಮರಾಠಿಯಲ್ಲಿ ಹೇಳಿದೆ. ಡಾಕ್ಟರು ಕೈ ಬೀಸಿದರು. ನಾಯಿಗೆ ಎಲುಬಿನ ಪುಡಿ ಅಂಥ ವಿಷವೇನಲ್ಲ, ಹೆಚ್ಚಾದರೆ ಹೊಟ್ಟೆ ಕಟ್ಟುತ್ತದೆ. ಇನ್ನೇನಿತ್ತು ಅದರಲ್ಲಿ? ಕಾಕಾ ಹಣೆಯ ಬೆವರು ಒರೆಸಿಕೊಂಡರು. ದೊಡ್ಡ ಮಾತು ಬಾಯಿಂದ ಹೊರಬಿದ್ದಿತ್ತು. ಉಳಿದದ್ದು ಅವರಿಗೆ ಉಪ್ಪು-ಖಾರದಷ್ಟೂ ದೊಡ್ಡದಾಗಿರಲಿಲ್ಲ.

"ಮತ್ತೇನಿಲ್ರಿ. ಒಂದೀಟ ಔಡಲ ಹಿಂಡಿ."

ನಾನು "ಎರಂಡೀಚೀ ಪೇಂಡ" ಎಂದದ್ದೇ ತಡ, ಡಾಕ್ಟರು ಪೆನ್ನು ಬಿಟ್ಟು ಎದ್ದರು. ಕಂಪೌಂಡರನ್ನು ಕೂಗಿದರು. ಔಡಲವೆಂದರೆ ಹರಳು, ಅದರ ಎಣ್ಣೆಯನ್ನು ತೆಗೆದರೂ ಕಾಳಿನ ವಿಷ ಹಿಂಡಿಯಲ್ಲೇ ಉಳಿದಿರುತ್ತದಂತೆ. ಬರೇ ಔಡಲ ಹಿಂಡಿ ಇದ್ದರೆ ಎಷ್ಟೋ ನಾಯಿ ಮೂಸಿ ಹೋದಾವು, ಎಲುಬಿನ ವಾಸನೆ ಸೇರಿಸಿಟ್ಟರೆ ಯಾವ ನಾಯಿ ಬಿಡುತ್ತದೆ ಎಂದು ಅವರು ಸೂಜಿ ಚುಚ್ಚುತ್ತಲೇ ಬೈದರು. ಇದಕ್ಕೆ ಮದ್ದು ಅಂತ ಇಲ್ಲ, ಸಲಾಯಿನ್ ಹಚ್ಚಿ ಕಾಯಬೇಕು, ಈಗ ಹೇಳಿದ್ದು ಪುಣ್ಯ ಎಂದರು. ಕಾಕಾ ಕಕ್ಕಾಬಿಕ್ಕಿಯಾಗಿ ನಿಂತಿದ್ದರು. ಯಾವುದಕ್ಕೆ ಎರಡು ವರ್ಷ ಹೆದರಿ ಬೆಲ್ಲದ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದರೋ ಅದು ಏನೂ ಮಾಡಿರಲಿಲ್ಲ. ಯಾವುದನ್ನು ಹಿಂಡಿ ಎಂದು ಲೆಕ್ಕಕ್ಕೇ ಇಟ್ಟಿರಲಿಲ್ಲವೋ ಅದೇ ಬಂಡ್ಯಾನ ಜೀವ ಹಿಡಿದು ಕೂತಿತ್ತು.

ಕಾಕೂ ಸೀರೆಯನ್ನು ಬಂಡ್ಯಾನ ಮೈಮೇಲೆ ಸರಿಯಾಗಿ ಹೊದಿಸಿದರು. ಆಮೇಲೆ ಗಂಡನಿಗೆ ಹೇಳಿದ್ದು ಒಂದೇ ಮಾತು. "ಕೇಳಿದ್ರ ನಾ ಬ್ಯಾಡ ಅಂತಿದ್ದೆ. ಅದು ನಿಮಗ ಗೊತ್ತಿತ್ತು. ಅದಕ್ಕ ಕೇಳಲಿಲ್ಲ." ಅಷ್ಟು ಹೇಳಿ ಹೊರಗೆ ಹೋಗಿ, ಒಬ್ಬರೇ ಸಿಟಿ ಬಸ್ಸು ಹತ್ತಿ ಮನೆಗೆ ಹೋದರು. ಅವರು ಜೀವನದಲ್ಲಿ ಒಬ್ಬರೇ ಬಸ್ಸು ಹತ್ತಿದ್ದು ಅದೇ ಮೊದಲು. ಕಾಕಾಗೆ ಆ ಸುದ್ದಿ ಬಂಡ್ಯಾನ ಸಲಾಯಿನ್ನಿಗಿಂತ ಹೆಚ್ಚು ಗಾಬರಿ ಹುಟ್ಟಿಸಿತು.

ಬಂಡ್ಯಾ ಬದುಕಿದ. ಕಾಕಾ ದಿನವೆಲ್ಲ ಅವನ ಪಕ್ಕ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದರು. "ತಪ್ಪಾತ್ರಿ ಬಂಡೋಪಂತ್" ಎಂದು ಅವರು ಹೇಳುವುದನ್ನು ನಾನೇ ಕೇಳಿದ್ದೇನೆ. ಮನೆಗೆ ಬಂದ ಮೇಲೆ ಬಂಡ್ಯಾನ ಪಕ್ಕೆಲುಬು ಎಣಿಸಬಹುದಾಗಿತ್ತು, ಆದರೆ ಎರಡನೆಯ ವಾರಕ್ಕೆ ಗೋಡೆ ಹಾರಿದ. ಕಾಕೂನ ಭಾಕರಿಯಲ್ಲಿ ತುಪ್ಪ ದುಪ್ಪಟ್ಟಾಗಿತ್ತು.

ಬೆಲ್ಲದ ಡಬ್ಬಿ ಹೋಯಿತು. ಕಾಕಾ ಗುಲಾಬಿ ಪಾತಿಯ ಮಣ್ಣನ್ನು ಮೊಳಕಾಲುದ್ದ ತೋಡಿಸಿ, ಮಕ್ಕಳು, ನಾಯಿ-ಬೆಕ್ಕು ಸುಳಿಯದ ಕಡೆ ಆಳವಾಗಿ ಹುಗಿಸಿದರು. ಹೊಸ ಮಣ್ಣು ತರಿಸಿದರು. ಇನ್ನು ಮೇಲೆ ಬರೇ ಹಳೆಯ ಸೆಗಣಿ ಗೊಬ್ಬರ. ಕರಿಬೆಲ್ಲ ಬಟ್ಟಲಿನಿಂದ ಪಣತಿಯ ಗಾತ್ರಕ್ಕೆ ಇಳಿಯಿತು, ಮರು ವರ್ಷದ ಪ್ರದರ್ಶನದಲ್ಲಿ ಅದನ್ನು ಯಾರೂ ತಿರುಗಿ ನೋಡಲಿಲ್ಲ. ಕಾಕಾಗೆ ಅದರ ದುಃಖ ಇರಲಿಲ್ಲ. ದುಃಖ ಇದ್ದದ್ದು ದೇವರ ಕೋಣೆಯ ಬಾಗಿಲಲ್ಲಿ. ಅವರು ದಿನಾ ಬುಟ್ಟಿ ತಂದಿಡುತ್ತಿದ್ದರು, ಕಾಕೂ ಅದನ್ನು ದಾಟಿ ಹೋಗಿ ಬಿಲ್ವಪತ್ರೆ, ತುಂಬೆ ಹೂವು ಏರಿಸುತ್ತಿದ್ದರು. ಊಟ, ಚಹ, ಮಾತು ಎಲ್ಲ ಮೊದಲಿನ ಹಾಗೆಯೇ. ಗುಲಾಬಿ ಮಾತ್ರ ಢಾಲಿನ ಕೆಳಗೆ, ಟೀವಿಯ ಪಕ್ಕದ ಗಾಜಿನ ಲೋಟಕ್ಕೆ.

"ನಮ್ಮನ್ಯಾಗ ಈಗ ಟೀವಿ ಪೂಜಿ ನಡದೈತಿ" ಎಂದು ಕಾಕಾ ನಗಾಡುತ್ತಿದ್ದರು. ಒಂದು ದಿನ ಮಾತ್ರ ನಗಲಿಲ್ಲ. ಗಿಡ ಸವರುತ್ತ, ನನ್ನ ಕಡೆ ನೋಡದೆ, "ಮಣ್ಣ ಬದಲ್ ಮಾಡೇನಿ, ಗೊಬ್ಬರ ಬದಲ್ ಮಾಡೇನಿ. ಇನ್ನ ಏನ ಬದಲ್ ಮಾಡ್ಲಿ, ಹೇಳವಾ" ಎಂದರು. ನನಗೆ ಆ ಮುದುಕನ ಮೇಲೆ ಬಹಳ ಪ್ರೀತಿ ಬಂತು.

ನಾಯಿ ಐತೇನ್ರಿ ಎಂಬ ಪ್ರಶ್ನೆ ಶುರುವಾದದ್ದು ಆಮೇಲೆ. ಗೊಬ್ಬರದ ಅಂಗಡಿಗಳಿಗೆ ಹೋಗಿ ಸಾಲಿನಲ್ಲಿ ನಿಂತವರನ್ನೂ ಬಿಡುತ್ತಿರಲಿಲ್ಲ. ಅಂಗಡಿಯವರಿಗೆ ಅವರು ಬಂದರೆ ಶನಿ ಬಂದ ಹಾಗೆ. ಬಸವನಹುಳು ಕೊಲ್ಲುವ ಗುಳಿಗೆಯನ್ನು ತೌಡು-ಬೆಲ್ಲದಲ್ಲಿ ಕಲಸಿ ಇಡುತ್ತಾರೆ ಎಂದು ಗೊತ್ತಾದ ದಿನ ಅವರ ಸಿಟ್ಟು ನೋಡಬೇಕಿತ್ತು. "ಬೆಲ್ಲದಾಗ ವಿಷಾ! ನಾಲ್ಕ ತಲಿಮಾರ ಬೆಲ್ಲ ಮಾರಿದ ಮನಿ ನಮ್ಮದು. ನಾಯಿಗಿ ಏನ ಗೊತ್ತಾಗಬೇಕೋ ಒಳಗ ಏನೈತಿ ಅಂತ?" ಹೆಂಗಸರು ಸಾವಯವ ಎಂದು ಬರೆದ ಚೀಲ ತೋರಿಸಿ, ಇದು ನಡೆಯುತ್ತದಲ್ಲ ಎಂದು ಕೇಳಿದರೆ, "ಔಡಲ ಹಿಂಡೀನೂ ಸಾವಯವನಽ ಇತ್ತವಾ" ಎನ್ನುತ್ತಿದ್ದರು. ಬಾಯಿಗೆ ಹಾಕಿಕೊಂಡು ನೋಡುವ ಚಟ ಪೂರಾ ಬಿಟ್ಟಿದ್ದರು. ಚಹಕ್ಕೆ ಸಕ್ಕರೆ ಸಾಕೇ ಎಂದು ಕೇಳಿದರೂ ಮೊದಲು ಮೂಸುತ್ತಿದ್ದರು.

ಈ ಸಂಕ್ರಾಂತಿಯ ನಂತರ ಒಂದು ಮಧ್ಯಾಹ್ನ ಊಟವಾದ ಮೇಲೆ ಕುರ್ಚಿಯಲ್ಲಿ ಒರಗಿದ ಕಾಕಾ ಏಳಲಿಲ್ಲ. ಅವತ್ತು ಬೆಳಿಗ್ಗೆ ಇಟ್ಟ ಹೂವು ಟೀವಿಯ ಪಕ್ಕದಲ್ಲಿತ್ತು. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತಾರೆ. ಪೇಟೆಯಿಂದ ಮಾಲೆಗಳು ರಾಶಿ ಬಂದವು. ಕಾಕೂ ತೋಟದ ಕಡೆ ಹೋಗಲಿಲ್ಲ, ನನಗೂ ಆ ಗಿಡಗಳಿಗೆ ಕತ್ತರಿ ಹಚ್ಚುವ ಧೈರ್ಯವಾಗಲಿಲ್ಲ. ಗುಲಾಬಿಗಾಗಿ ಬದುಕಿದ ಮನುಷ್ಯ ಚೆಂಡು ಹೂವಿನ ಮಾಲೆ ಹಾಕಿಕೊಂಡು ಹೋದರು. 

ತಿಂಗಳು ಕಳೆದ ಮೇಲೆ ಕಾಕೂ ಗೋಡೆಯಾಚೆಯಿಂದ ಕೂಗಿದರು. "ಯವ್ವಾ, ಸಲಿಕಿ ತಗೊಂಡ ಬಾ." ಕುಂಡದಲ್ಲಿದ್ದ ಕರಿಬೆಲ್ಲದ ಗಿಡವೊಂದನ್ನು ರಿಕ್ಷಾದಲ್ಲಿಟ್ಟುಕೊಂಡು ಕಾಕಾನನ್ನು ಹುಗಿದ ಜಾಗಕ್ಕೆ ಹೋದೆವು. ಬಂಡ್ಯಾನೂ ಹತ್ತಿದ, ಇಳಿ ಎಂದರೆ ಇಳಿಯಲಿಲ್ಲ. ನಾನು ತಲೆಯ ಕಡೆ ಸಣ್ಣ ಗುಂಡಿ ತೋಡಿ ಗಿಡ ಇಟ್ಟೆ. ರೂಢಿಯ ಮಾತು ಬಾಯಿಗೆ ಬಂತು.

"ಖತ ಏನ ಹಾಕೂದ್ರಿ ಕಾಕೂ?"

"ಏನೂ ಬ್ಯಾಡ" ಎಂದರು ಕಾಕೂ. "ಕೆಳಗ ಅವ್ರ ಅದಾರಲ್ಲ."

ನನಗೆ ಅಳು ಬರಬೇಕಿತ್ತು, ನಗು ಬಂತು. ಕಾಕೂಗೂ ಬಂತು. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು.

ಶ್ರಾವಣದ ಸೋಮವಾರ ಮತ್ತೆ ಹೋದಾಗ ಗಿಡ ಒಂದು ಹೂವು ಬಿಟ್ಟಿತ್ತು. ಪಣತಿಯಷ್ಟಲ್ಲ, ಬಟ್ಟಲಿನಷ್ಟೂ ಅಲ್ಲ, ನಡುವಿನದು. ಕಾಕೂ ಅದನ್ನು ಕಿತ್ತು, ಕೊರಳಿನ ಲಿಂಗ ಬಿಚ್ಚಿ ಎಡ ಅಂಗೈಯಲ್ಲಿ ಇಟ್ಟುಕೊಂಡು ಅಲ್ಲೇ ನೆಲದ ಮೇಲೆ ಕುಳಿತರು. ಹೂವನ್ನು ಒಮ್ಮೆ ತಿರುಗಿಸಿ ನೋಡಿದರು. ಕಂಬದ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂಬಂತೆ ನಾನು ಸುತ್ತ ನೋಡಿದೆ. ಬಂಡ್ಯಾ ಒಬ್ಬನೇ ಇದ್ದ.

"ಕಾಕೂ, ಇದು..." ಎಂದೆ. ಗಿಡದ ಕೆಳಗಿನ ಮಣ್ಣು ತೋರಿಸಿದೆ.

"ಗೊತ್ತೈತಿ" ಎಂದರು ಕಾಕೂ. "ಎರಡ ವರ್ಷ ಗೊತ್ತಿಲ್ದ ಏರಿಸಿದೆ. ಇದನ್ನ ಗೊತ್ತಿದ್ದ ಏರಿಸ್ತೇನಿ."